ತರ್ಕ ಓದಿದವರಿಗೆ ಬೌದ್ಧ ತರ್ಕವೇಕೆ?

ಉಡುಪಿಯ ಮಾನ್ಯ ಓದುಗರೇ,

ಅನ್ನಂಭಟ್ಟನ ತರ್ಕಸಂಗ್ರಹವನ್ನು, ನ್ಯಾಯಶಾಸ್ತ್ರದ ಆ ಮೊದಲ ಪಾಠಪುಸ್ತಕವನ್ನು, ಪಾಠ ಹೇಳಿಸಿಕೊಂಡು ಓದಿರುವ ತಾವು, ಬೈಲಕುಪ್ಪೆಯ ಟಿಬೆಟನ್ ಮಠದಲ್ಲಿ ಬೌದ್ಧ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದಿಸುವುದನ್ನು ನೋಡಿ ಬಂದು, ಅದರಲ್ಲಿ ಹುರುಳಿದೆಯೇ, ಬರಿಯ ಅಬ್ಬರವೇ ಎಂದು ಕೇಳಿದ್ದೀರಿ. ಮಂಗಳೂರಿನ ಕದ್ರಿಯಲ್ಲಿಯೂ ಹಿಂದೆ ಇಂಥದೇ ವಾದಶಾಲೆ ಇದ್ದಿರಬೇಕಲ್ಲವೇ ಎಂದೂ ಬರೆದಿದ್ದೀರಿ.

ಹುರುಳಿದೆ. ನಿಂತವನು ಪ್ರಶ್ನಿಸುತ್ತಾನೆ, ಕುಳಿತವನು ಉತ್ತರಿಸುತ್ತಾನೆ. ಹೇತುವನ್ನು, ಎಂದರೆ ಮಾತಿಗೆ ಕಾರಣವನ್ನು, ಮುಂದಿಟ್ಟಾಗ ಉತ್ತರಿಸುವವನಿಗೆ ಇರುವ ದಾರಿಗಳು ಬಹಳ ಕಡಿಮೆ: ಒಪ್ಪಬೇಕು, ಹೇತು ಅಸಿದ್ಧ (ಆ ಕಾರಣ ಇಲ್ಲಿ ಇಲ್ಲವೇ ಇಲ್ಲ) ಎನ್ನಬೇಕು, ಇಲ್ಲವೇ ವ್ಯಾಪ್ತಿಯಿಲ್ಲ (ಆ ಕಾರಣ ಇದ್ದಲ್ಲೆಲ್ಲ ಸಾಧಿಸಬೇಕಾದದ್ದೂ ಇರಬೇಕೆಂದಿಲ್ಲ) ಎನ್ನಬೇಕು. ಹೊಸಬರ ಪಾಠ ಬಣ್ಣಗಳಿಂದ ಶುರುವಾಗುತ್ತದೆ. ಬಣ್ಣವೆಲ್ಲವೂ ಕೆಂಪೇ ಎಂದು ಒಬ್ಬ ಹೇಳಿದರೆ, ‘ಹಾಗಾದರೆ ಬಿಳಿಯ ಶಂಖದ ಬಣ್ಣವೂ ಕೆಂಪು, ಅದು ಬಣ್ಣವಾದ್ದರಿಂದ’ ಎಂದು ಇನ್ನೊಬ್ಬ ಎರಗುತ್ತಾನೆ. ಒಪ್ಪಿದರೆ ಬಿಳುಪನ್ನೇ ಕೆಂಪೆಂದಂತೆ. ಹೇತು ಅಸಿದ್ಧವೆಂದರೆ ಬಿಳುಪು ಬಣ್ಣವೇ ಅಲ್ಲವೆಂದಂತೆ. ವ್ಯಾಪ್ತಿಯಿಲ್ಲವೆಂದರೆ ತನ್ನ ಮೊದಲ ಮಾತನ್ನೇ ಕೈಬಿಟ್ಟಂತೆ. ತಾಳಮದ್ದಳೆಯಲ್ಲಿ ಅರ್ಥಧಾರಿಗೆ ಮಾತಿನ ಚಮತ್ಕಾರದಿಂದ ಜಾರಿಕೊಳ್ಳುವ ಅವಕಾಶ ಉಂಟು, ಇಲ್ಲಿ ಅದಿಲ್ಲ.

ಹೇತು ಪಕ್ಷದಲ್ಲಿ (ಚರ್ಚೆಯ ವಸ್ತುವಿನಲ್ಲಿ) ಇರಬೇಕು, ಸಪಕ್ಷದಲ್ಲಿ (ಸಾಧ್ಯವುಳ್ಳ ಇತರ ವಸ್ತುಗಳಲ್ಲಿ) ಇರಬೇಕು, ವಿಪಕ್ಷದಲ್ಲಿ (ಸಾಧ್ಯವಿಲ್ಲದವುಗಳಲ್ಲಿ) ಇರಲೇಬಾರದು ಎಂಬ ಬೌದ್ಧ ತಾರ್ಕಿಕ ದಿಙ್ನಾಗನ ನಿಯಮ ತಮಗೆ ಹೊಸತೆನಿಸಲಾರದು. ಅನ್ನಂಭಟ್ಟನ ನಾಲ್ಕು ಪ್ರಮಾಣಗಳಿಗೆ, ಎಂದರೆ ಸರಿಯಾದ ಅರಿವಿನ ಸಾಧನಗಳಿಗೆ, ಬದಲಾಗಿ ಇಲ್ಲಿ ಪ್ರತ್ಯಕ್ಷ, ಅನುಮಾನ (ಸಂಶಯವಲ್ಲ, ಹೇತುವಿನಿಂದ ಪಡೆಯುವ ಅರಿವು) ಎರಡೇ ಎಂಬುದನ್ನೂ ತಾವು ಬಲ್ಲಿರಿ. ಬೇರೆಯಾಗಿ ಕಲಿಯಬೇಕಾದದ್ದು ಟಿಬೆಟಿನ ಮಠಗಳು ಇದರೊಂದಿಗೇ ಹೇಳಿಕೊಡುವ ಚಿತ್ತದ ವಿಂಗಡಣೆಯನ್ನು, ಎಂದರೆ ಅರಿವಿನ ಬಗೆಗಳನ್ನು, ಎಂದು ನನ್ನ ಅಭಿಪ್ರಾಯ. ಶಬ್ದ ನಿತ್ಯವೆಂದು ನಂಬಿದ್ದವನಿಗೆ ಮೊದಲು ಸಂಶಯ ಹುಟ್ಟುತ್ತದೆ. ಬಳಿಕ ಗುರು ಹೇಳಿದರೆಂದು ಅದು ಅನಿತ್ಯವೆಂದು ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆ ಸರಿಯೇ ಆದರೂ ಅದನ್ನು ಅವರು ಪ್ರಮಾಣವೆಂದು ಎಣಿಸುವುದಿಲ್ಲ. ಕೃತಕವಾದದ್ದೆಲ್ಲ (ಕಾರಣಗಳಿಂದ ಹುಟ್ಟಿದ್ದೆಲ್ಲ) ಅನಿತ್ಯ, ಶಬ್ದ ಕೃತಕ ಎಂಬುದು ಅವನಿಗೇ ಸಿದ್ಧವಾದಾಗ ಹುಟ್ಟುವ ಜ್ಞಾನವಷ್ಟೇ ಅನುಮಾನ. ಬಾಯಿಪಾಠದಿಂದ ಬಂದ ಸರಿಯುತ್ತರವನ್ನು ಜ್ಞಾನವೆಂದು ಬಗೆಯುವ ನಮ್ಮ ಶಾಲೆಗಳಿಗೆ ಈ ಒಂದು ಭೇದ ತಿಳಿದಿದ್ದರೆ ಸಾಕಿತ್ತು ಎಂದು ಎಷ್ಟೋ ಸಲ ಅನಿಸಿದೆ. ವಾದದ ಅಂಗಳದಲ್ಲಿ ನಡೆಯುವ ಗದ್ದಲವೆಲ್ಲ ಕಲಿಯುವವನನ್ನು ಆ ಒಪ್ಪಿಗೆಯಿಂದ ಅನುಮಾನಕ್ಕೆ ದಾಟಿಸುವುದಕ್ಕಾಗಿ.

ಕದ್ರಿಯ ಮಾತು: ಆಳುಪ ವಂಶದ ಅರಸ ಕುಂದವರ್ಮನು ಅಲ್ಲಿನ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು 968ರ ಶಾಸನ ಹೇಳುತ್ತದೆ. ವಿಹಾರವಿದ್ದಲ್ಲೆಲ್ಲ ವಾದಶಾಲೆಯೂ ಇತ್ತೆನ್ನಲು ಮಾತ್ರ ವ್ಯಾಪ್ತಿ ಸಾಲದು.

ದಿಙ್ನಾಗನ ಪರಂಪರೆಯ ಧರ್ಮಕೀರ್ತಿಯ ನ್ಯಾಯಬಿಂದುವಿನಿಂದ ಆರಂಭಿಸಿರಿ. ಮೂರೇ ಪರಿಚ್ಛೇದಗಳ ಚಿಕ್ಕ ಗ್ರಂಥ, ಧರ್ಮೋತ್ತರನ ಟೀಕೆಯೂ ಇದೆ. ತಮ್ಮ ಸಂಸ್ಕೃತಕ್ಕೆ ಕಷ್ಟವಾಗದು. ಆದರೆ ಒಬ್ಬರೇ ಓದಬೇಡಿ. ಉಡುಪಿಯಲ್ಲಿ ವಾಕ್ಯಾರ್ಥಕ್ಕೆ, ಎಂದರೆ ಶಾಸ್ತ್ರಚರ್ಚೆಗೆ, ಕೂರಬಲ್ಲ ವಿದ್ವಾಂಸರಿಗೆ ಕೊರತೆಯಿಲ್ಲ. ಈ ಮತವನ್ನು ಒಪ್ಪದವರೊಬ್ಬರನ್ನೇ ಜೊತೆಗೆ ಕರೆದುಕೊಳ್ಳಿರಿ.

— ಸಂಪಾದಕ