ಮನೆ, ಉದ್ಯೋಗಗಳ ನಡುವೆ ಹಾಡು ಬರೆಯಲು ಸಮಯ ಮಾಡಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಹಗಲೆಲ್ಲ ಕಚೇರಿಯ ಕೆಲಸ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಜೊತೆಗೆ ಆರೈಕೆ ಬೇಕಾದ ವಯಸ್ಸಾದ ತಾಯಿ. ಮೊದಲು ಸರಾಗವಾಗಿ ಹಾಡು ಬರೆಯುತ್ತಿದ್ದ ನಿಮಗೆ ಈಗ ಎಲ್ಲರೂ ಮಲಗಿದ ಮೇಲೆ ಕುಳಿತರೂ ಒಂದು ಸಾಲು ಹುಟ್ಟುವುದಿಲ್ಲ. ಸಮಯವನ್ನು ಎಲ್ಲಿಂದ ತರಬೇಕು, ಇಲ್ಲವೇ ಮಕ್ಕಳು ದೊಡ್ಡವರಾಗುವ ತನಕ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದೇ ಎಂದು ಕೇಳಿದ್ದೀರಿ. ಲೆಕ್ಕಪತ್ರ ವಿಭಾಗದಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತ, ಸಂಸಾರ ನಡೆಸುತ್ತ, ಹಾಡು ಬರೆಯುವುದನ್ನು ಉಳಿಸಿಕೊಂಡು ಬಂದವನಾಗಿ ಹೇಳುತ್ತೇನೆ, ದಯವಿಟ್ಟು ಬಿಡಬೇಡಿ. ಆದರೆ ಸಮಯ ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಯಾವ ಕೆಲಸಕ್ಕೆ ಎಂಥ ಸಮಯ ಬೇಕು ಎಂಬುದನ್ನು ವಿಂಗಡಿಸಿಕೊಳ್ಳಬೇಕು.

ಹಾಡು ಕಟ್ಟುವುದರಲ್ಲಿ ತಲೆಯೊಳಗೇ ನಡೆಯುವ ಕೆಲಸ ಒಂದು ಬಗೆಯದು, ಬಾಗಿಲು ಹಾಕಿಕೊಂಡು ಕುಳಿತೇ ಮಾಡಬೇಕಾದ ಕೆಲಸ ಇನ್ನೊಂದು ಬಗೆಯದು. ದಾಟಿಯನ್ನು ಗುನುಗಿಕೊಳ್ಳುವುದು, ಪಲ್ಲವಿಯ ಸಾಲಿಗೆ ಹೊಂದುವ ಪದವನ್ನು ಹುಡುಕುವುದು, ಪ್ರಾಸ ಕೂಡಿಸುವುದು, ಎರಡನೆಯ ಚರಣದಲ್ಲಿ ಏನು ಹೇಳಬೇಕೆಂದು ಯೋಚಿಸುವುದು, ಇವೆಲ್ಲ ಮೊದಲ ಬಗೆಗೆ ಸೇರಿದವು. ಚರಣಗಳ ಕ್ರಮವನ್ನು ನಿಶ್ಚಯಿಸುವುದು, ವಾದ್ಯದ ಜೊತೆ ದನಿ ಎತ್ತಿ ಹಾಡಿ ನೋಡುವುದು, ಶ್ರುತಿಯನ್ನು ಗೊತ್ತುಮಾಡುವುದು, ಇಷ್ಟಪಟ್ಟು ಬರೆದ ಸಾಲನ್ನು ಹಾಡಿಗೆ ಬೇಡವೆಂದು ಕಿತ್ತುಹಾಕುವುದು, ಇವು ಎರಡನೆಯ ಬಗೆಯವು. ಸಮಯವಿಲ್ಲ ಎಂದು ಬಳಲುವ ಬಹಳಷ್ಟು ಜನ, ಈ ಎರಡನ್ನೂ ರಾತ್ರಿಯ ಒಂದು ಗಂಟೆಯೊಳಗೆ ತುರುಕಲು ನೋಡುತ್ತಾರೆ. ತಲೆಯೊಳಗಿನ ಕೆಲಸಕ್ಕೆ ಹಗಲಿನಲ್ಲಿ ಬೇಕಾದಷ್ಟು ಎಡೆ ಸಿಕ್ಕಿ ಹೋಗಿರುತ್ತದೆ. ಅದನ್ನು ಬಳಸದೆ ಬಿಟ್ಟಿರುವುದರಿಂದ ರಾತ್ರಿ ಹಾಳೆಯ ಮುಂದೆ ಕುಳಿತಾಗ ಕೈಯಲ್ಲಿ ಏನೂ ಇರುವುದಿಲ್ಲ.

ಇದರಲ್ಲಿ ಹಾಡು ಬರೆಯುವವರಿಗೆ ಕಾದಂಬರಿಕಾರರಿಗಿಲ್ಲದ ಒಂದು ಅನುಕೂಲವಿದೆ. ಹಾಡು ಚಿಕ್ಕದು. ಪಲ್ಲವಿ, ಅನುಪಲ್ಲವಿ, ಎರಡು ಮೂರು ಚರಣಗಳನ್ನು ಸೇರಿಸಿದರೂ ಇಪ್ಪತ್ತು ಸಾಲು ಮೀರುವುದು ಅಪರೂಪ. ಅದು ಇಡಿಯಾಗಿ ನೆನಪಿನಲ್ಲಿ ನಿಲ್ಲುತ್ತದೆ. ದಾಟಿಯೂ ಪ್ರಾಸವೂ ಸೇರಿ ಅದನ್ನು ನೆನಪಿನಲ್ಲಿ ಹಿಡಿದು ನಿಲ್ಲಿಸುತ್ತವೆ. ಆದ್ದರಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುವಾಗ, ಕಚೇರಿಗೆ ಹೋಗಿ ಬರುವ ದಾರಿಯಲ್ಲಿ, ಕಾಗದವಿಲ್ಲದೆಯೇ ಅದರ ಮೇಲೆ ಕೆಲಸ ಮಾಡಬಹುದು. ಇಲ್ಲೊಂದು ಷರತ್ತಿದೆ. ಇಡೀ ಹಾಡನ್ನು ತಲೆಗೆ ಹಚ್ಚಿಕೊಂಡು ಹೊರಟರೆ ಏನೂ ಸಾಗುವುದಿಲ್ಲ. ಮನೆಯಿಂದ ಹೊರಡುವಾಗ ಒಂದೇ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯಬೇಕು: ಈ ಸಾಲಿನ ಮೂರನೆಯ ಪದ ಯಾವುದು? ಈ ಚರಣದಲ್ಲಿ ಮಾತನಾಡುತ್ತಿರುವವರು ಯಾರು?

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಮೂರು ಮಾತ್ರೆ, ನಾಲ್ಕು ಮಾತ್ರೆಗಳು ಒಂದಾದ ಮೇಲೊಂದು ಬರುವ ಮಿಶ್ರ ನಡೆಯ ದಾಟಿಯೊಂದು ನನ್ನ ಬಳಿ ಇತ್ತು. (ಮಾತ್ರೆಯೆಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ‘ಬಂ’ ಎಂಬಂಥ ಭಾರದ ಅಕ್ಷರಕ್ಕೂ ಎರಡು. ಮಾತ್ರೆಗಳ ಒಂದೊಂದು ಗುಂಪು ಒಂದು ಗಣ.) ಅದಕ್ಕೆ ಮೊದಲು ಬಂದ ಸಾಲು ‘ಮರೆತುಹೋದ ಮಾತಿಗೆ ನೀನು ಬಂದೆಯಾ’ ಎಂದು. ಓದಲು ಚೆನ್ನಾಗಿಯೇ ಇತ್ತು, ಹಾಡಿದರೆ ಎಡವುತ್ತಿತ್ತು. ‘ಮರೆತು’ ಎಂಬಲ್ಲಿಗೆ ಮೂರು ಮಾತ್ರೆ ಸರಿಯಾಯಿತು; ಮುಂದಿನ ನಾಲ್ಕರ ಜಾಗದಲ್ಲಿ ‘ಹೋದ’ ಮೂರಕ್ಕೇ ಮುಗಿದು, ‘ಮಾತಿಗೆ’ ಎಂಬುದರ ದೀರ್ಘವಾದ ‘ಮಾ’ ಅರ್ಧ ಈ ಗಣಕ್ಕೂ ಅರ್ಧ ಮುಂದಿನ ಗಣಕ್ಕೂ ಸೇರಿ ಸೀಳಿಹೋಗುತ್ತಿತ್ತು. ಬೆಳಿಗ್ಗೆ ಹೊರಡುವಾಗ ನಾನು ಒಯ್ದ ಪ್ರಶ್ನೆ ಇಷ್ಟೇ, ‘ಹೋದ’ ಎಂಬುದು ಇಲ್ಲಿ ಏನು ಕೆಲಸ ಮಾಡುತ್ತಿದೆ? ‘ಮರೆತ’ ಎಂದರೆ ಸಾಕು, ಹೋದದ್ದು ಅದರಲ್ಲೇ ಬಂತು ಎಂಬುದು ದಾರಿಯಲ್ಲಿ ಹೊಳೆಯಿತು. ಸಂಜೆ ಪಾತ್ರೆ ತೊಳೆಯುವಾಗ ‘ನೀನು’ ಎಂಬುದೂ ಬೇಡವೆನಿಸಿತು, ಏಕೆಂದರೆ ‘ಬಂದೆಯಾ’ ಎಂಬ ಪ್ರಶ್ನೆಯಲ್ಲೇ ‘ನೀನು’ ಅಡಗಿದೆ. ಆ ಜಾಗಕ್ಕೆ ‘ಮರಳಿ’ ಬಂದು ಕೂತಿತು. ‘ಮರೆತ ಮಾತಿಗೆ ಮರಳಿ ಬಂದೆಯ’: ಮೂರು, ನಾಲ್ಕು, ಮೂರು, ನಾಲ್ಕು. ಮಕಾರಗಳೂ ತಾವಾಗಿಯೇ ಸಾಲುಗೂಡಿದವು. ಇದಕ್ಕೆ ಮೇಜು ಬೇಕಾಗಲಿಲ್ಲ, ಮೌನ ಬೇಕಾಗಲಿಲ್ಲ, ಯಾರಿಂದಲೂ ಸಮಯವನ್ನು ಕೇಳಿ ಪಡೆಯಬೇಕಾಗಲಿಲ್ಲ. ನನ್ನ ಹಾಡುಗಳಲ್ಲಿ ನನಗೆ ಪ್ರಿಯವಾದ ಸಾಲುಗಳು ಹೆಚ್ಚಾಗಿ ಹೀಗೇ ತಿದ್ದಿಕೊಂಡಂಥವು.

ಹೀಗೆ ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಮೊಬೈಲಿನ ರೆಕಾರ್ಡರ್ ಸಾಕು, ಆದರೆ ಅದನ್ನು ಬಳಸುವುದರಲ್ಲಿ ಶಿಸ್ತು ಬೇಕು. ಬರಿಯ ಗುನುಗನ್ನು ರೆಕಾರ್ಡ್ ಮಾಡಿದರೆ ವಾರದ ನಂತರ ಕೇಳಿದಾಗ, ಹಾಡು ತಾಳದ ಮೊದಲ ಪೆಟ್ಟಿನಲ್ಲೇ ಏಳುತ್ತದೆಯೋ ಅರ್ಧ ಎಣಿಕೆ ಬಿಟ್ಟು ಏಳುತ್ತದೆಯೋ ತಿಳಿಯುವುದಿಲ್ಲ. ಆ ಅರ್ಧ ಎಣಿಕೆಯಲ್ಲೇ ದಾಟಿಯ ಸೊಗಸು ಇರುತ್ತದೆ. ಹಾಡುತ್ತಾ ತೊಡೆಯ ಮೇಲೋ ಗೋಡೆಯ ಮೇಲೋ ತಾಳ ಹಾಕಿ, ಆ ಸದ್ದೂ ಧ್ವನಿಮುದ್ರಣದಲ್ಲಿ ಸೇರಲಿ. ಮುಗಿದ ಕೂಡಲೇ ಆ ಕಡತಕ್ಕೆ ಸಾಲಿನ ಮೊದಲ ಪದವನ್ನೇ ಹೆಸರಾಗಿ ಕೊಡಿ. ತಾರೀಖು ಮಾತ್ರ ಇರುವ ಕಡತಗಳು ತಿಂಗಳಲ್ಲಿ ರಾಶಿ ಬೀಳುತ್ತವೆ, ಅವನ್ನು ಮತ್ತೆ ಯಾರೂ ತೆರೆಯುವುದಿಲ್ಲ.

ಈಗ ರಾತ್ರಿಯ ವಿಷಯ. ನಿಮಗೆ ಒಂದು ಸಾಲೂ ಹುಟ್ಟದಿರುವುದನ್ನು ನೀವು ಪ್ರತಿಭೆ ಬತ್ತಿದ್ದರ ಲಕ್ಷಣವೆಂದು ಭಾವಿಸಿರುವಂತೆ ಕಾಣುತ್ತದೆ, ಆ ಭಯವನ್ನು ದಯವಿಟ್ಟು ತೆಗೆದುಹಾಕಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದಿರುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಕಚೇರಿ ಮುಗಿಸಿ, ಮಕ್ಕಳನ್ನು ಮಲಗಿಸಿ, ತಾಯಿಗೆ ಔಷಧ ಕೊಟ್ಟು ಬಂದು ಕುಳಿತವರ ಮನಸ್ಸಿನಲ್ಲಿ ಈ ಮೂರರ ಶೇಷವೂ ಇರುವುದು ಸಹಜ. ಅದರ ಮೇಲೆ ಇನ್ನೊಂದು ತೊಡಕಿದೆ. ರಾತ್ರಿ ದನಿ ಎತ್ತಿ ಹಾಡುವಂತಿಲ್ಲ. ಪಿಸುದನಿಯಲ್ಲಿ ಕಟ್ಟಿದ ಸಾಲು ಉಸಿರಿನ ಲೆಕ್ಕವನ್ನು ಮರೆಮಾಚುತ್ತದೆ. ಮೆಲ್ಲಗೆ ಗುನುಗುವಾಗ ಒಂದೇ ಉಸಿರಿಗೆ ಬಂದದ್ದು ಪೂರ್ಣ ದನಿಯಲ್ಲಿ ಹಾಡುವಾಗ ನಡುವೆ ತುಂಡಾಗುತ್ತದೆ, ಅದೂ ಅರ್ಥ ಕೆಡುವ ಜಾಗದಲ್ಲಿ. ಹೀಗಾಗಿ ಹೊಸದನ್ನು ಹುಟ್ಟಿಸುವ ಹೊಣೆಯನ್ನು ರಾತ್ರಿಯ ಮೇಲೆ ಹೊರಿಸಬೇಡಿ. ಹಗಲಿನ ರೆಕಾರ್ಡಿಂಗುಗಳನ್ನು ಇಯರ್‌ಫೋನಿನಲ್ಲಿ ಕೇಳಿ ವಿಂಗಡಿಸುವುದು, ಸಾಲುಗಳನ್ನು ಶುದ್ಧಪ್ರತಿ ಮಾಡುವುದು, ಮಾತ್ರೆ ಎಣಿಸಿ ತಪ್ಪಿದ ಜಾಗಕ್ಕೆ ಗುರುತು ಹಾಕುವುದು, ನಾಳೆ ಒಯ್ಯಬೇಕಾದ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳುವುದು, ಇಷ್ಟಕ್ಕೆ ಹದಿನೈದು ನಿಮಿಷ ಧಾರಾಳವಾಯಿತು. ಆಮೇಲೆ ಮಲಗಿ. ನಿದ್ದೆಗೆಟ್ಟು ಬರೆಯುವುದರಲ್ಲಿ ಹಿರಿಮೆಯಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಬೆಲೆಯನ್ನು ಮರುದಿನ ಮಕ್ಕಳು ತೆರುತ್ತಾರೆ.

ಎರಡನೆಯ ಬಗೆಯ ಕೆಲಸಕ್ಕೆ ಮಾತ್ರ ನಿಜವಾಗಿ ಸಮಯ ಬೇಕು, ಆ ಸಮಯವನ್ನು ಮನೆಯವರಿಂದಲೇ ಪಡೆಯಬೇಕು. ನನ್ನ ಅನುಭವದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ ಇದೇ. ‘ನನಗೆ ಸ್ವಲ್ಪ ಸಮಯ ಬೇಕು’ ಎಂದು ಕೇಳಿದರೆ ಯಾರೂ ಕೊಡಲಾರರು, ಏಕೆಂದರೆ ಆ ‘ಸ್ವಲ್ಪ’ಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ‘ಭಾನುವಾರ ನಾಲ್ಕರಿಂದ ಐದೂವರೆಯ ತನಕ ನಾನು ಒಳಗಿನ ಕೋಣೆಯಲ್ಲಿರುತ್ತೇನೆ, ಐದೂವರೆಗೆ ಹೊರಬಂದು ಮಕ್ಕಳನ್ನು ನಾನೇ ನೋಡಿಕೊಳ್ಳುತ್ತೇನೆ’ ಎಂದರೆ ಅದು ಒಪ್ಪಬಹುದಾದ ಅಥವಾ ಬದಲಿಸಿಕೊಳ್ಳಬಹುದಾದ ಮಾತಾಗುತ್ತದೆ. ಹೇಳಿದ ಹೊತ್ತಿಗೆ ಹೊರಬರಲೇಬೇಕು, ಹಾಡು ಎಲ್ಲಿಗೇ ನಿಂತಿರಲಿ. ನಾನು ಸಮಯಕ್ಕೆ ಸರಿಯಾಗಿ ಎದ್ದು ಬರುತ್ತೇನೆಂಬ ಭರವಸೆ ಹೆಂಡತಿಗೆ ಬಂದ ಮೇಲೆ, ಮಕ್ಕಳು ಬಾಗಿಲು ತಟ್ಟದಂತೆ ಅವಳೇ ನೋಡಿಕೊಳ್ಳತೊಡಗಿದಳು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಒಂದೂವರೆ ಗಂಟೆ ಇನ್ನೊಬ್ಬರ ದುಡಿಮೆಯಿಂದ ಬಂದದ್ದು. ಅಷ್ಟೇ ಅವಧಿಯ, ಅಷ್ಟೇ ಖಚಿತವಾದ ಬಿಡುವನ್ನು ನಿಮ್ಮ ಸಂಗಾತಿಗೂ ಕೊಡಿ, ಸಾಧ್ಯವಾದರೆ ವಾರದಲ್ಲಿ ಅವರ ಸರದಿಯೇ ಮೊದಲು ಬರಲಿ. ಅವರು ಆ ಹೊತ್ತಿನಲ್ಲಿ ನಿದ್ದೆ ಮಾಡಿದರೂ ಸರಿ, ಏನೂ ಮಾಡದೆ ಕುಳಿತರೂ ಸರಿ, ಅದನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ.

ಉದ್ಯೋಗದಲ್ಲಿದ್ದುಕೊಂಡೇ ಹಾಡು ಬರೆದವರು ಇದ್ದಾರೆಯೇ ಎಂದೂ ಕೇಳಿದ್ದೀರಿ. ಧಾರಾಳವಾಗಿ ಇದ್ದಾರೆ. ಅಮೆರಿಕದ ಸಂಗೀತ ರಚನಕಾರ ಚಾರ್ಲ್ಸ್ ಐವ್ಸ್ ವಿಮೆಯ ವ್ಯವಹಾರವನ್ನು ನಡೆಸುತ್ತ ಸಂಜೆಗಳಲ್ಲಿ, ರಜಾದಿನಗಳಲ್ಲಿ ಸಂಗೀತ ಬರೆದವರು. 1922ರಲ್ಲಿ ತಮ್ಮ 114 ಹಾಡುಗಳ ಸಂಪುಟವನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿ ಹಂಚಿದರು. ಅಮೆರಿಕದವರೇ ಆದ ಗಾಯಕ, ಗೀತರಚನಕಾರ ಬಿಲ್ ವಿದರ್ಸ್ ಅವರು 1971ರಲ್ಲಿ ತಮ್ಮ ಮೊದಲ ಆಲ್ಬಂ ಹೊರಬರುವ ಹೊತ್ತಿಗೆ ವಿಮಾನಗಳ ಶೌಚಾಲಯದ ಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅದರ ಮುಖಪುಟದ ಚಿತ್ರದಲ್ಲಿ ಅವರ ಕೈಯಲ್ಲಿರುವುದು ಊಟದ ಡಬ್ಬಿ. ಇಂಥ ಹೆಸರುಗಳಿಂದ ನನಗೆ ಧೈರ್ಯ ಬಂದಿದೆ, ಆದರೂ ಇವನ್ನು ಅಳತೆಗೋಲು ಮಾಡಿಕೊಳ್ಳಬಾರದು. ಆ ಹೊತ್ತಿನಲ್ಲಿ ಮನೆಯನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬ ಪ್ರಶ್ನೆ ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ನಿಮ್ಮ ಮನೆಯಲ್ಲಿ ಅದಕ್ಕೆ ಉತ್ತರ ಬಹುಮಟ್ಟಿಗೆ ನೀವೇ ಆಗಿರುವಾಗ, ವರ್ಷಕ್ಕೆ ನಾಲ್ಕೈದು ಹಾಡುಗಳು ಪೂರ್ಣವಾದರೆ ಅದು ಸಣ್ಣ ಸಂಖ್ಯೆಯಲ್ಲ.

ಮಕ್ಕಳು ಅಡ್ಡಿಯೆಂದು ನಿಮಗೆ ಅನಿಸುತ್ತಿರುವುದು ನನಗೆ ಅರ್ಥವಾಗುತ್ತದೆ. ಆದರೆ ಪಲ್ಲವಿಯನ್ನು ಪರೀಕ್ಷಿಸಲು ಅವರಿಗಿಂತ ಒಳ್ಳೆಯ ಕಿವಿ ಸಿಗುವುದಿಲ್ಲ. ನಾನು ಅಡುಗೆಮನೆಯಲ್ಲಿ ಗುನುಗುತ್ತಿದ್ದ ಸಾಲೊಂದರಲ್ಲಿ ‘ಸ್ಪರ್ಶ’ ಎಂಬ ಪದವಿತ್ತು, ಅದೂ ವೇಗವಾಗಿ ಏರುವ ಸ್ವರದ ಮೇಲೆ. ಅದನ್ನು ಕೇಳಿಸಿಕೊಂಡ ಮಗಳು ತಿರುಗಿ ಹಾಡುವಾಗ ಪ್ರತಿಸಲವೂ ಆ ಪದವನ್ನು ಬಿಟ್ಟು ಬರಿಯ ‘ಲಾ ಲಾ’ ಎನ್ನುತ್ತಿದ್ದಳು. ಒತ್ತಕ್ಷರಗಳ ಆ ಗಂಟು ನಾಲಿಗೆಗೆ ಒಗ್ಗುವಂಥದ್ದಲ್ಲ ಎಂಬುದು ಅವಳಿಂದ ತಿಳಿಯಿತು. ‘ಸ್ಪರ್ಶ’ದ ಜಾಗಕ್ಕೆ ‘ಸೋಕು’ ಬಂತು. ಒಂದು ಒಳ್ಳೆಯ ಹಾಡಿಗೆ ಇಷ್ಟು ಹತ್ತಿರದಿಂದ ಸಿಗುವ ವಿಮರ್ಶೆ ಇದು, ಇದಕ್ಕಾಗಿ ಬೇರೆ ಸಮಯವನ್ನು ಎತ್ತಿಡಬೇಕಾಗಿಲ್ಲ.

ಕೊನೆಯದಾಗಿ, ಏನೂ ಆಗದ ತಿಂಗಳುಗಳ ಬಗ್ಗೆ. ತಾಯಿಯ ಆರೋಗ್ಯ ಕೆಟ್ಟಾಗ, ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಬಂದಾಗ, ಮಗುವಿಗೆ ಜ್ವರ ಹತ್ತಿದಾಗ ಭಾನುವಾರದ ಕೋಣೆಯೂ ಇರುವುದಿಲ್ಲ, ದಾರಿಯಲ್ಲಿ ಒಯ್ಯಲು ಪ್ರಶ್ನೆಯೂ ಇರುವುದಿಲ್ಲ. ಅಂಥ ಕಾಲದಲ್ಲಿ ನಿಯಮ ಪಾಲಿಸಲು ಹೋಗಿ ನಿಮ್ಮನ್ನು ನೀವು ಹಿಂಸಿಸಿಕೊಳ್ಳಬೇಡಿ. ನಡೆಯುತ್ತಿದ್ದ ಹಾಡು ಯಾವ ಸಾಲಿಗೆ ನಿಂತಿದೆ, ಮುಂದೆ ಏನು ಮಾಡಬೇಕೆಂದಿದ್ದಿರಿ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು, ಹಾಡಿದ ಕಡತದ ಜೊತೆ ಇಟ್ಟು ಬಿಟ್ಟುಬಿಡಿ. ಮರಳಿ ಬಂದಾಗ ಹೊಸ ಹಾಡನ್ನು ಹಿಡಿಯಬೇಡಿ, ನಿಂತ ಹಾಡನ್ನೂ ಕೂಡಲೇ ಮುಗಿಸಲು ಹೋಗಬೇಡಿ. ನೀವೇ ಹಿಂದೆ ಪೂರ್ತಿಗೊಳಿಸಿದ ಒಂದು ಹಾಡಿನ ದಾಟಿಯನ್ನು ತೆಗೆದುಕೊಂಡು ಅದಕ್ಕೆ ಇನ್ನೊಂದು ಚರಣವನ್ನು ಬರೆಯಿರಿ. ದಾಟಿ ಸಿದ್ಧವಿದೆ, ಮಾತ್ರೆಯ ಲೆಕ್ಕ ಗೊತ್ತಿದೆ, ಹೇಳಬೇಕಾದ ಭಾವವೂ ಪರಿಚಿತವೇ. ಪದಗಳನ್ನು ಮಾತ್ರ ಹುಡುಕಬೇಕು. ಆ ಚರಣವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅದು ಮುಗಿದ ಮೇಲೆ ನಿಲ್ಲಿಸಿಟ್ಟ ಹಾಡಿನ ಆ ಎರಡು ವಾಕ್ಯಗಳನ್ನು ತೆರೆದು ಓದಿ, ಅಲ್ಲಿಂದ ಒಂದು ಪ್ರಶ್ನೆಯನ್ನು ಆರಿಸಿಕೊಂಡು ಮರುದಿನದ ದಾರಿಗೆ ಒಯ್ಯಿರಿ.