ಹಿಟ್ಟಿನ ಡಬ್ಬಿ ಹಿಂದಿದ್ದ 2000ದ ನೋಟುಗಳು ಕ್ಯಾಸಿನೊ ಚಿಪ್ ಆದಾಗ: ಒಂದು ಆಪ್ತಸಲಹೆ ಪ್ರಕರಣ

ಊರು, ಕಸುಬು, ಮೊತ್ತ ಎಲ್ಲಾ ಬದಲಾಯಿಸಿದೀನಿ, ಗಂಡ ಹೆಂಡ್ತಿ ಇಬ್ರೂ ಒಪ್ಪಿದ ಮೇಲೇನೇ ಇದನ್ನ ಬರೀತಿರೋದು. ಹುಬ್ಬಳ್ಳಿ ಕಡೆಯವರು. ಗಂಡನಿಗೆ ನಲವತ್ತರ ಆಸುಪಾಸು, ಮಾರ್ಕೆಟ್ ಯಾರ್ಡಲ್ಲಿ ಅಣ್ಣನ ಜೊತೆ ದಲಾಲಿ ಅಂಗಡಿ, ಮನೇಲಿ ಇಬ್ರು ಮಕ್ಕಳು. ಮೊದಲು ಬಂದಿದ್ದು ಹೆಂಡ್ತಿ, ಒಬ್ಬರೇ, 2023ರ ಜುಲೈನಲ್ಲಿ.

ಆ ವರ್ಷ ಮೇ 19ಕ್ಕೆ ರಿಸರ್ವ್ ಬ್ಯಾಂಕು 2000ದ ನೋಟು ವಾಪಸ್ ತಗೋತೀವಿ ಅಂತ ಹೇಳಿತ್ತಲ್ಲ, ಆಗ ಎಷ್ಟೋ ಮನೆಗಳಲ್ಲಿ ಹೆಂಗಸರು ಯಾರಿಗೂ ಹೇಳದೆ ಕೂಡಿಟ್ಟಿದ್ದ ದುಡ್ಡು ಹೊರಗೆ ಬಂತು. ಇವರದ್ದೂ ಹಂಗೇ. ಜೋಳದ ಹಿಟ್ಟಿನ ಡಬ್ಬಿ ಹಿಂದೆ ಇನ್ನೊಂದು ಸಣ್ಣ ಡಬ್ಬಿ, ಅದರಲ್ಲಿ 46 ನೋಟು, 92,000. ಬ್ಲೌಸ್ ಹೊಲಿದು ಬಂದಿದ್ದು, ಪಂಚಮಿಗೆ ತವರಲ್ಲಿ ಕೊಟ್ಟಿದ್ದು, ನೂರು ಇನ್ನೂರು ಕೂಡಿಸ್ತಾ ಕೂಡಿಸ್ತಾ 2000 ಆದಾಗೆಲ್ಲ ಒಂದು ದೊಡ್ಡ ನೋಟು ಮಾಡಿಸಿ ಇಟ್ಟಿದ್ದು, ಯಾಕಂದ್ರೆ ಚಿಲ್ಲರೆ ಇದ್ರೆ ಖರ್ಚಾಗಿಬಿಡತ್ತೆ, ದೊಡ್ಡ ನೋಟು ಮುರಿಸೋಕೆ ಮನಸ್ಸು ಬರಲ್ಲ. ಬ್ಯಾಂಕಲ್ಲಿ ಒಂದ್ಸಲಕ್ಕೆ 20,000ದವರೆಗೆ ಮಾತ್ರ ಬದಲಾಯಿಸಿ ಕೊಡ್ತಿದ್ರು. ಇವರ ಹೆಸರಲ್ಲಿ ಅಕೌಂಟ್ ಇದ್ರೂ ಪಾಸ್‌ಬುಕ್ಕು, ಎಟಿಎಂ ಕಾರ್ಡು ಎಲ್ಲ ಗಂಡನ ಹತ್ರ. ಅವರ ಕೈಗೇ ಕೊಟ್ರು. ಅವರು ಅದನ್ನ ತಗೊಂಡು ಶನಿವಾರ ಗೆಳೆಯರ ಜೊತೆ ಘಟ್ಟ ಇಳಿದು ಪಣಜಿಗೆ ಹೋದ್ರು. ನಮ್ಮ ಕಡೆ ಮಹದಾಯಿ ಅಂತ ಕರೆಯೋ ನದಿನೇ ಅಲ್ಲಿ ಮಾಂಡೋವಿ, ಅದರ ಮೇಲೆ ಕ್ಯಾಸಿನೊ ಹಡಗುಗಳು, ಅಂದ್ರೆ ಜೂಜಾಡೋ ಹಡಗುಗಳು ನಿಂತಿರ್ತಾವೆ. ವಾಪಸ್ ಬಂದಾಗ ಜೇಬಲ್ಲಿ 5000ದ ನಾಲ್ಕು ಚಿಪ್, ಅಂದ್ರೆ ಅಲ್ಲಿ ದುಡ್ಡಿನ ಬದಲು ಆಡೋಕೆ ಕೊಡೋ ಬಿಲ್ಲೆ, ಉಳಿದಿತ್ತು, ಅಷ್ಟೇ.

ಗಂಡ ಬರೋಕೆ ಸುಮಾರು ದಿನ ಹಿಡೀತು. ಬಂದವರು ಕೂತ ಕೂಡಲೇ ಹೇಳಿದ್ದು, "ನಾ ಕುಡ್ಯಾಂವ ಅಲ್ರಿ ಮೇಡಮ್ರ, ರೊಕ್ಕದ ಬೆಲಿ ನನಗ ಗೊತ್ತೈತ್ರಿ." ನಿಜಾನೇ. ದಿನಾ ಲಕ್ಷಗಟ್ಟಲೆ ಎಣಿಸೋ ಮನುಷ್ಯ, 500ರ ನೋಟನ್ನ ಬೆಳಕಿಗೆ ಹಿಡಿದು ದಾರ ನೋಡಿ, ಹೆಬ್ಬೆರಳಲ್ಲಿ ಉಜ್ಜಿ ನೋಡಿ ತಗೊಳ್ಳೋವ್ರು. ಅಂಥವರು ಅಲ್ಲಿ 5000ದ ಚಿಪ್‌ನ ನೋಡದೇನೇ ಮುಂದೆ ತಳ್ಳಿದ್ರು ಅಂದ್ರೆ, ಬರೀ ದುರಾಸೆ ಅಂತ ಹೇಳಿ ಕೈ ತೊಳ್ಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ.

ಅಲ್ಲಿನ ವ್ಯವಸ್ಥೆನೇ ಹಂಗಿದೆ. ಒಳಗೆ ಹೋಗೋ ಟಿಕೆಟ್ ಜೊತೆಗೇ ಊಟ, ಡ್ರಿಂಕ್ಸು, ಒಂದಷ್ಟು ಓಟಿಪಿ ಚಿಪ್, ಅಂದ್ರೆ ಒಂದೇ ಸಲ ಆಡೋಕೆ ಬರೋವು, ಕೌಂಟರಲ್ಲಿ ಕೊಟ್ರೆ ಕ್ಯಾಶ್ ಕೊಡಲ್ಲ, ಟೇಬಲ್ ಮೇಲೆ ಇಡಲೇಬೇಕು. ಮೊದಲ ಆಟಕ್ಕೆ ಕೈಯಿಂದ ಏನೂ ಬಿಟ್ಟಂಗೆ ಅನಿಸಲ್ಲ. ಆಮೇಲೆ ನೋಟು ಒಂದ್ಸಲ ಕೌಂಟರಲ್ಲಿ ಕೊಟ್ರೆ ಮುಗೀತು, ದುಡ್ಡು ಹೋಗೋ ಸಂಕಟ ಎಲ್ಲಾ ಅಲ್ಲೇ ಆಗಿಹೋಗತ್ತೆ, ರಾತ್ರಿಯೆಲ್ಲಾ ಕೈಯಲ್ಲಿ ಆಡೋದು ಬರೀ ಬಿಲ್ಲೆ. ಪ್ರಿಯಾ ರಘುಬೀರ್, ಜೋಯ್‌ದೀಪ್ ಶ್ರೀವಾಸ್ತವ ಅನ್ನೋ ಇಬ್ರು ಸಂಶೋಧಕರು 2009ರಲ್ಲಿ ಪ್ರಯೋಗ ಮಾಡಿ ತೋರಿಸಿದ್ರು: ಅಷ್ಟೇ ಹಣ ಒಂದು ದೊಡ್ಡ ನೋಟಾಗಿದ್ರೆ ಜನ ಖರ್ಚು ಮಾಡೋಕೆ ಹಿಂದೇಟು ಹಾಕ್ತಾರೆ, ಚಿಲ್ಲರೆಯಾಗಿದ್ರೆ ಸಲೀಸಾಗಿ ಮಾಡ್ತಾರೆ. ಓದು ಬರಹ ಕಮ್ಮಿ ಇರೋ ಆ ತಾಯಿ ಇದನ್ನ ತಿಳ್ಕೊಂಡೇ ಡಬ್ಬಿ ತುಂಬಿಸಿದ್ರು, ಚಿಪ್ ಆ ಕಾವಲನ್ನ ಒಂದೇ ರಾತ್ರಿ ಒಡೆದು ಹಾಕ್ತು.

ಇನ್ನೊಂದ್ಸಲ ಬರುವಾಗ ಒಂದು ಚಿಪ್ಪೂ, 5000 ರೂಪಾಯಿ 500ರ ನೋಟಲ್ಲಿ ತನ್ನಿ ಅಂದೆ. ನೋಟು ಎಣಿಸಿ ಅಂದ್ರೆ ಅಭ್ಯಾಸಬಲ, ನಾಲಿಗೆಗೆ ಬೆರಳು ಮುಟ್ಟಿಸಿ ಎಣಿಸಿದ್ರು, ಒಂದು ನೋಟು ತಿರುಗಿತ್ತು, ಕೆಂಪುಕೋಟೆ ಮೇಲಿತ್ತು, ಅದನ್ನ ಸರಿ ಮಾಡಿ ಹತ್ತೂ ನೋಟಲ್ಲಿ ಗಾಂಧಿ ಒಂದೇ ಕಡೆ ನೋಡೋ ಹಾಗೆ ಜೋಡಿಸಿದ್ರು. ಅವರು ಆಡಿದ್ದು ರೂಲೆಟ್, ಚಕ್ರ ತಿರುಗಿಸಿ ಕೆಂಪೋ ಕಪ್ಪೋ ಅಂತ ಹಣ ಕಟ್ಟೋ ಆಟ. ಅದರ ಹಾಗೇ ಹಾಳೆ ಮೇಲೆ ಕೆಂಪು ಕಪ್ಪು ಎರಡು ಚೌಕ ಬರೆದು, ಇದು ಆಟ ಅಲ್ಲ, ಸುಮ್ನೆ ತಳ್ಳಿ ನೋಡಿ ಅಂದೆ. ಚಿಪ್ ತಳ್ಳಿದ್ರು. ನೋಟಿನ ಮೇಲೆ ಕೈ ಇಟ್ಟವರು ಅಲ್ಲೇ ನಿಂತ್ರು. "ಇದು ಆಗಂಗಿಲ್ರಿ, ಇದು ರೊಕ್ಕ ಐತಿ." ಆಮೇಲೆ ಸುಮಾರು ಹೊತ್ತು ಅತ್ರು. ಹೆಂಡ್ತಿಯ 46 ನೋಟಿನ ಬಗ್ಗೆ ಅವರು ಮೊದಲ ಸಲ ಬಾಯಿ ಬಿಟ್ಟಿದ್ದು ಆವತ್ತು.

ಎರಡು ಪ್ರಶ್ನೆ ಕೇಳಿದ್ದೆ, ಈ ಕೆಲಸದಲ್ಲಿರೋರು ಮೊದಲು ಕೇಳೋವು: ಎಷ್ಟು ಆಡಿದ್ರಿ ಅಂತ ಮನೆಯವರ ಹತ್ರ ಸುಳ್ಳು ಹೇಳಿದೀರಾ, ಹೆಚ್ಚು ಹೆಚ್ಚು ಹಣ ಕಟ್ಟಬೇಕು ಅನಿಸತ್ತಾ. ಎರಡಕ್ಕೂ ಹೌದು. ಮೂರನೇದು ಇವರ ಹಾಗೆ ಸಾಲ ಮಾಡ್ಕೊಂಡಿರೋ ಎಲ್ಲರನ್ನೂ ಕೇಳ್ತೀನಿ, ಸಾಯೋ ಯೋಚನೆ ಬಂದಿದೆಯಾ ಅಂತ. ಬಂದಿತ್ತು. ಹಾಗಾಗಿ ಅದೇ ವಾರ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದೆ, ಜೂಜಿನ ಚಟ ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೇ ಇದೆ, ಇಂಥ ಕಡೆ ಬರೀ ಮಾತಿನ ಸಲಹೆ ಸಾಲಲ್ಲ.

ಅವರ ತಲೆಯಲ್ಲಿದ್ದಿದ್ದು ಒಂದೇ, ಹೋಗಿದ್ದನ್ನ ಅಲ್ಲೇ ವಾಪಸ್ ತರಬೇಕು. ಲೆಕ್ಕ ಹಾಕಿ ತೋರಿಸಿದೆ. ಅವರು ಆಡಿದ ಚಕ್ರದಲ್ಲಿ 37 ಮನೆ, ಕೆಂಪು 18, ಕಪ್ಪು 18, ಒಂದು ಸೊನ್ನೆ, ಸೊನ್ನೆ ಬಂದ್ರೆ ಎರಡೂ ಬಣ್ಣಕ್ಕೆ ಕಟ್ಟಿದ್ದು ಹೋಗತ್ತೆ. ಒಟ್ಟು 10,000 ಕಟ್ಟಿದ್ರೆ ಸರಾಸರಿ 270 ಕ್ಯಾಸಿನೊದವರದ್ದು. ಕಮ್ಮಿ ಅನಿಸತ್ತೆ, ಆದ್ರೆ ಅದೇ ಚಿಪ್ ತಿರುಗಿ ತಿರುಗಿ ರಾತ್ರಿಯೆಲ್ಲಾ ಕಟ್ಟೋದ್ರಿಂದ ಲಕ್ಷಗಟ್ಟಲೆ ಕಟ್ಟಿದಂಗಾಗತ್ತೆ, 270 ಪ್ರತಿ ಸುತ್ತಿಗೂ ಬೆಳೀತಾನೇ ಇರತ್ತೆ. ವ್ಯಾಪಾರಸ್ಥರಿಗೆ ಕಮಿಷನ್ ಲೆಕ್ಕ ತಕ್ಷಣ ಅರ್ಥ ಆಯ್ತು.

ಅಣ್ಣ ಎಲ್ಲಾ ಸಾಲ ಒಂದೇ ಏಟಿಗೆ ತೀರಿಸಿಬಿಡ್ತೀನಿ ಅಂತ ಬಂದಿದ್ರು. ಬೇಡ ಅಂದೆ, ಬೇಡ ಅಂತ ಒತ್ತಿ ಹೇಳಿದೆ. ತಮ್ಮನ ಕೈಗೆ ಕೊಡದೆ, ಸಾಲ ಕೊಟ್ಟವರಿಗೇ ತಿಂಗಳು ತಿಂಗಳು ಕಟ್ಟಿ, ಪಟ್ಟಿ ಮನೆಯವರೆಲ್ಲರ ಎದುರಿಗೆ ಇರಲಿ. ಅಂಗಡಿ ಗಲ್ಲಾಪೆಟ್ಟಿಗೆ, ಯುಪಿಐ ಎರಡನ್ನೂ ಅಣ್ಣ ನೋಡ್ಕೊಳ್ಳಲಿ. ಆ ಕೆಲಸ ಹೆಂಡ್ತಿಗೆ ಬೇಡ, ದಿನಾ ಜೇಬು ತಪಾಸಣೆ ಮಾಡೋ ಹೆಂಡ್ತಿ ಕೊನೆಗೆ ಜೈಲರ್ ಆಗಿಬಿಡ್ತಾಳೆ, ಸಂಸಾರ ಉಳಿಯಲ್ಲ.

ಜಗಳ ಆಗಿದ್ದು ಉಳಿದ ನಾಲ್ಕು ಚಿಪ್ ವಿಷಯಕ್ಕೆ. "ಒಮ್ಮೆ ಹೋಗಿ ರೊಕ್ಕಾ ಮಾಡ್ಕೊಂಡು ಬಂದಬಿಡ್ತೀನಿ" ಅಂತ ಅವರು. 20,000 ಅಂದ್ರೆ ಮಗಳ ಫೀಸು, ಹೆಂಡ್ತಿಗೂ ಬಿಡೋಕೆ ಮನಸ್ಸಿಲ್ಲ. ನಾನು ಹೇಳಿದ್ದಿಷ್ಟೇ: ಮನೇಲಿ ಚಿಪ್ ಇರೋವರೆಗೂ ಅದು ಅಲ್ಲಿಗೆ ವಾಪಸ್ ಕರೀತಾನೇ ಇರತ್ತೆ, ಇವರು ಹೋಗೋದಂತೂ ಬೇಡವೇ ಬೇಡ, ಜೂಜಿನ ಗೊಡವೆ ಇಲ್ಲದವರು ಯಾರಾದ್ರೂ ಇದ್ರೆ ಕಳಿಸಿ, ಇಲ್ಲಾಂದ್ರೆ ಹೋಯ್ತು ಅಂತ ಬಿಡಿ. ತೀರ್ಮಾನ ಹೆಂಡ್ತಿದೇ ಅಂದೆ, ದುಡ್ಡು ಅವರದ್ದು. ಎರಡು ವಾರ ಯೋಚಿಸಿ ಅವರೇ ಕಸದ ಗಾಡಿಗೆ ಹಾಕಿದ್ರು.

ಸಾಲದ ಪಟ್ಟಿಯಲ್ಲಿ ಮೊದಲ ಸಾಲು ಹೆಂಡ್ತಿಯ 92,000, ಇದು ನನ್ನ ಹಠ. ವಾರಕ್ಕೆ 2000, ಫೋನಲ್ಲಿ ಕಳಿಸೋ ಹಾಗಿಲ್ಲ, ನಾಲ್ಕು 500ರ ನೋಟು ಎಣಿಸಿ ಕೈಗೆ ಕೊಡಬೇಕು. ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವತ್ತೇ ವಾಪಸ್ ಕೊಡಿಸಿದೆ, ಈಗ ಆ ದುಡ್ಡನ್ನ ಅವರೇ ಹೋಗಿ ಅಕೌಂಟಿಗೆ ಕಟ್ಟಿ ಬರ್ತಾರೆ.

ಎಲ್ಲಾ ಸರಿಹೋಯ್ತು ಅಂತಲ್ಲ. ಮಧ್ಯೆ ಒಂದ್ಸಲ ಮೊಬೈಲಲ್ಲಿ ರಮ್ಮಿ ಆಡಿ 3000 ಕಳಕೊಂಡ್ರು, ಆದ್ರೆ ಸಂಜೆನೇ ಅಣ್ಣನಿಗೆ ಹೇಳಿದ್ರು, ಮೊದಲಾಗಿದ್ರೆ ಮುಚ್ಚಿಡ್ತಿದ್ರು. ನಿಮ್ಮನೇಲೂ ಇಂಥದ್ದು ನಡೀತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇವರ ಗೆಳೆಯರು ದೀಪಾವಳಿಗೆ ಇಸ್ಪೀಟು ಎಲೆ ಹಾಕೋಕೆ ಕರೆದೇ ಕರೀತಾರೆ, ಅದಕ್ಕೆ ಹಬ್ಬದ ಹಿಂದಿನ ವಾರವೇ ಗಂಡ, ಹೆಂಡ್ತಿ, ಅಣ್ಣ ಮೂವರಿಗೂ ಬರೋಕೆ ಹೇಳಿದೀನಿ.