ಬೆನ್ನ ಮೇಲೆ 1985 ಎಂದಿರುವ ಜಿ.ಐ. ಜೋ ಗೊಂಬೆ ನಿಜವಾಗಿ ಯಾವ ಕಾಲದ್ದು?

ನಿಮ್ಮ ಪ್ರಶ್ನೆ ಓದಿದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನಿಮ್ಮ ಚಿಕ್ಕಪ್ಪ ಆಡುತ್ತಿದ್ದ ಜಿ.ಐ. ಜೋ ಗೊಂಬೆಗಳು, ಅಂದರೆ ಅಮೆರಿಕದ ಹಾಸ್ಬ್ರೋ ಕಂಪನಿಯ ಸೈನಿಕ ಗೊಂಬೆಗಳು, ಸಿಕ್ಕಿವೆ. ಒಂದರ ಸೊಂಟದ ಹಿಂದೆ 1985 ಹಾಸ್ಬ್ರೋ ಎಂದಿದೆ. ಅದು 1985ರಲ್ಲಿ ಅಮೆರಿಕದಿಂದ ಬಂದದ್ದಾ, ಇಂಥವನ್ನು ಗುರುತಿಸುವುದು ಹೇಗೆ, ಸಂಗ್ರಹ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಆ ಇಸವಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಅದು ಕಾಪಿರೈಟ್ ಇಸವಿ, ಅಂದರೆ ಆ ವಿನ್ಯಾಸದ ವರ್ಷ. ಚಕ್ಕುಲಿ ಒರಳಿನ ಮೇಲೆ ಕೆತ್ತಿದ ಇಸವಿ ನೋಡಿ ಚಕ್ಕುಲಿ ಯಾವಾಗ ಕರಿದದ್ದು ಅಂತ ಹೇಳಲು ಆಗುತ್ತದಾ? ಇದೂ ಹಾಗೆಯೇ. ಒಂದೇ ಅಚ್ಚಿನಲ್ಲಿ ಎಷ್ಟೋ ವರ್ಷ ಗೊಂಬೆ ತೆಗೆಯುತ್ತಾರೆ. ಜಿ.ಐ. ಜೋ ಅಚ್ಚುಗಳಂತೂ ದೇಶದಿಂದ ದೇಶಕ್ಕೆ ಓಡಾಡಿವೆ. ಬ್ರೆಜಿಲ್‌ನಲ್ಲಿ ಎಸ್ಟ್ರೆಲಾ, ಅರ್ಜೆಂಟೀನಾದಲ್ಲಿ ಪ್ಲಾಸ್ಟಿರಾಮಾ, ನಮ್ಮಲ್ಲಿ ಫನ್‌ಸ್ಕೂಲ್ ಕಂಪನಿ ಇವನ್ನು ಮಾಡಿದವು. ಫನ್‌ಸ್ಕೂಲ್ ಶುರುವಾದದ್ದೇ 1987ರಲ್ಲಿ, ಎಂಆರ್‌ಎಫ್ ಮತ್ತು ಹಾಸ್ಬ್ರೋ ಸೇರಿ. ಕಾರ್ಖಾನೆ ಗೋವಾದಲ್ಲಿತ್ತು. ಹಾಗಾಗಿ ನಿಮ್ಮ ಗೊಂಬೆ ಇಲ್ಲಿಯದೇ ಆಗಿದ್ದರೆ 1985ರದ್ದು ಆಗಿರಲು ಸಾಧ್ಯವೇ ಇಲ್ಲ. ಚಿಕ್ಕಪ್ಪ 90ರ ದಶಕದಲ್ಲಿ ಹುಡುಗನಾಗಿದ್ದರೆ ಅದು ಫನ್‌ಸ್ಕೂಲಿನದೇ ಇರುವ ಸಾಧ್ಯತೆ ಜಾಸ್ತಿ.

ಈಗ ಗೊಂಬೆಯನ್ನು ಕೈಗೆ ತೆಗೆದುಕೊಳ್ಳಿ. ಎತ್ತರ ಮೂರು ಮುಕ್ಕಾಲು ಇಂಚು, ಹತ್ತಿರ ಹತ್ತಿರ 9.5 ಸೆಂ.ಮೀ. ಇರಬೇಕು. ಹಾಸ್ಬ್ರೋ ಈ ಅಳತೆಗೆ ಬಂದದ್ದು 1982ರಲ್ಲಿ. 1964ರ ಮೊದಲ ಜಿ.ಐ. ಜೋ ಒಂದು ಅಡಿ ಎತ್ತರ ಇತ್ತು. ಮೊಣಕೈ ಮೇಲಿನ ತೋಳು ಪಕ್ಕಕ್ಕೆ ತಿರುಗುತ್ತದಾ ನೋಡಿ. 1982ರ ವಿನ್ಯಾಸದಲ್ಲಿ ತಿರುಗುವುದಿಲ್ಲ, 1983ರಿಂದ ತಿರುಗುತ್ತದೆ. ಕತ್ತು ಬರೀ ಎಡಕ್ಕೆ ಬಲಕ್ಕೆ ಹೊರಳಿದರೆ ವಿನ್ಯಾಸ 1984ರ ಒಳಗಿನದು. ಮೇಲೆ ಕೆಳಗೆ ಕೂಡ ಆಡಿದರೆ 1985 ಅಥವಾ ಆಮೇಲಿನದು. ಇವೆಲ್ಲ ಅಚ್ಚಿನ ವಯಸ್ಸು ಹೇಳುತ್ತವೆ. ಗೊಂಬೆಯ ಸ್ವಂತ ವಯಸ್ಸಿಗೆ ಬೇರೆ ಕಡೆ ನೋಡಬೇಕು.

ಮೊದಲು ಬಣ್ಣ. ಫನ್‌ಸ್ಕೂಲ್ ಗೊಂಬೆಗಳ ಗುರುತು ಇರುವುದೇ ಅಲ್ಲಿ. ಒಂದೇ ಪಾತ್ರ ಒಂದು ಕಂತಿನಲ್ಲಿ, ಅಂದರೆ ಒಂದು ಸಲದ ತಯಾರಿಕೆಯಲ್ಲಿ, ಒಂದು ಬಣ್ಣ, ಇನ್ನೊಂದು ಕಂತಿನಲ್ಲಿ ಇನ್ನೊಂದು. ಅಮೆರಿಕದ ಗೊಂಬೆಯಲ್ಲಿ ಮಾಸಲು ಹಸಿರಿದ್ದ ಕಡೆ ನಮ್ಮದರಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ಇರಬಹುದು. ಬಣ್ಣ ಗೆರೆ ದಾಟಿರುವುದೂ ಉಂಟು. ಇದನ್ನು ನೋಡಿ 'ಡೂಪ್ಲಿಕೇಟ್' ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಇದು ಪರವಾನಗಿ ಪಡೆದು, ಅಸಲಿ ಅಚ್ಚಿನಲ್ಲಿ, ನಮ್ಮ ದೇಶದಲ್ಲಿ ಆದ ಕೆಲಸ. ಇಷ್ಟೊಂದು ಬಗೆ ಇರುವುದರಿಂದಲೇ ಹೊರದೇಶದ ಸಂಗ್ರಾಹಕರೂ ಇವನ್ನು ಹುಡುಕುತ್ತಾರೆ. ಲಿಯೋ ಕಂಪನಿ ಇಲ್ಲಿ ತಯಾರಿಸಿದ ಹೀ-ಮ್ಯಾನ್ ಗೊಂಬೆಗಳಿಗೂ ಅದೇ ಬೇಡಿಕೆ ಇದೆ.

ಪೆಟ್ಟಿಗೆಯ ತಳದಲ್ಲಿ ಹಳೆಯ ರಟ್ಟಿನ ಕಾರ್ಡು ಏನಾದರೂ ಉಳಿದಿದೆಯಾ? ಹರಿದಿದ್ದರೂ ಬಿಸಾಡಬೇಡಿ, ಗೊಂಬೆಗಿಂತ ಅದೇ ಹೆಚ್ಚು ಮಾತಾಡುತ್ತದೆ. ಫನ್‌ಸ್ಕೂಲ್ ಕಚೇರಿಯ ವಿಳಾಸದಲ್ಲಿ ಮದ್ರಾಸ್ ಎಂದಿದೆಯಾ, ಚೆನ್ನೈ ಎಂದಿದೆಯಾ ನೋಡಿ. ಊರಿನ ಹೆಸರು ಬದಲಾದದ್ದು 1996ರಲ್ಲಿ. ಹಳೇ ಕಾರ್ಡು ಖಾಲಿಯಾಗುವ ತನಕ ಬಳಸಿರಬಹುದು, ಆದರೂ ಒಂದು ಅಂದಾಜು ಸಿಗುತ್ತದೆ. 'ಹಳೇ ಸ್ಟಾಕ್' ಅಂತ ಯಾರಾದರೂ ಮಾರುವ ಆಟಿಕೆಯ ಪ್ಯಾಕೆಟ್ ಮೇಲೆ ಐಎಸ್‌ಐ ಗುರುತು ಕಂಡರೆ ಅನುಮಾನ ಪಡಿ. ಆಟಿಕೆಗಳಿಗೆ ಅದು ಕಡ್ಡಾಯವಾದದ್ದು 2021ರ ಜನವರಿಯಿಂದ.

ಇನ್ನು ಬೆನ್ನಿನ ಸ್ಕ್ರೂ. ಅದರ ಹಿಂದೆ ಒಂದು ಕಪ್ಪು ರಬ್ಬರ್ ರಿಂಗ್ ಇದೆ. ಎದೆಯನ್ನೂ ಕಾಲನ್ನೂ ಹಿಡಿದಿಟ್ಟಿರುವುದು ಅದೇ. ಇಷ್ಟು ವರ್ಷಕ್ಕೆ ರಬ್ಬರ್ ಸತ್ತುಹೋಗಿರುತ್ತದೆ. ದಯವಿಟ್ಟು ಸೊಂಟ ಎಳೆದು ನೋಡಬೇಡಿ. ಸರಿಯಾದ ಅಳತೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ, ಹೊಸ ಓ-ರಿಂಗ್ ಹಾಕಿದರೆ ಗೊಂಬೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಇದರಿಂದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಆದರೆ ಇಷ್ಟು ಸುಲಭವಾಗಿ ಬಿಚ್ಚುತ್ತದೆ ಅನ್ನುವುದರಲ್ಲೇ ಕೊಳ್ಳುವವರಿಗೆ ಅಪಾಯ ಇದೆ. ಒಂದರ ಕೈ, ಇನ್ನೊಂದರ ಕಾಲು ಜೋಡಿಸಿ ಮಾರುತ್ತಾರೆ. ಎದೆ, ತೋಳು, ತೊಡೆ ಒಂದೇ ಹದದಲ್ಲಿ ಮಾಸಿವೆಯಾ ಅಂತ ಹಗಲು ಬೆಳಕಿನಲ್ಲಿ ನೋಡಿ. ಆಮೇಲೆ ಎರಡೂ ಹೆಬ್ಬೆರಳು ನೋಡಿ. ದಪ್ಪ ಹಿಡಿಯ ಬಂದೂಕು ತುರುಕಿದರೆ ಮೊದಲು ಮುರಿಯುವುದು ಅದು. ಕಾಲುಗಳ ನಡುವಿನ ಭಾಗ ಕೂಡ ಬೇಗ ಒಡೆಯುತ್ತದೆ. ಬಂದೂಕು, ಬೆನ್ನಚೀಲಗಳ ನಕಲು ಬೇಕಾದಷ್ಟಿವೆ. ಅಸಲಿ ತುಂಡಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರುತ್ತದೆ, ಗೆರೆಗಳು ಮಂಕಾಗಿರುತ್ತವೆ.

ಜೊತೆಗೆ ಇಂಚುದ್ದದ ಮೆತ್ತನೆಯ ಹಸಿರು ಸೈನಿಕರೂ ಇದ್ದಾರೆ ಅಂದಿರಿ. ಒಂದನ್ನು ನೀರಿಗೆ ಹಾಕಿ. ತೇಲಿದರೆ ಬಹುತೇಕ ಪಾಲಿಥೀನ್. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1959ರಲ್ಲಿ ಶುರು ಮಾಡಿದ ಪುಟ್ಟ ಸೈನಿಕರು ಈ ಜಾತಿಯವರು. ಅವರನ್ನು ನೋಡಿ ಮಾಡಿದ ಹೆಸರಿಲ್ಲದ ನಕಲುಗಳೂ ತುಂಬಾ ಇವೆ. ವಯಸ್ಸಾದ ಪಾಲಿಥೀನ್ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಸೊಟ್ಟಗಾದ ಬಂದೂಕನ್ನು ನೆಟ್ಟಗೆ ಮಾಡಲು ಹೋಗಬೇಡಿ.

ತೊಳೆಯಲು ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಶ್ ಸಾಕು. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಹತ್ತಿರ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಬಿಸಿಲಲ್ಲಿ ಒಣಗಿಸಬೇಡಿ. ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆ ಇದ್ದರೆ ಇವತ್ತೇ ತೆಗೆಯಿರಿ. ಅದರ ಆವಿಗೆ ಕೆಲವು ಪ್ಲಾಸ್ಟಿಕ್‌ಗಳು ಮೆತ್ತಗಾಗುತ್ತವೆ. ಬಿಟ್ಟುಹೋದ ಬಣ್ಣವನ್ನು ಮಾತ್ರ ಹಾಗೇ ಬಿಡಿ. ಹೊಸದಾಗಿ ಬಳಿದರೆ ಕಾರ್ಖಾನೆಯ ಗುರುತೇ ಹೋಗಿಬಿಡುತ್ತದೆ.

ಸಂಗ್ರಹಕ್ಕೆ ಒಂದೇ ಪಾತ್ರ ಆರಿಸಿಕೊಳ್ಳಿ ಅನ್ನುತ್ತೇನೆ. ಬೀಚ್ ಹೆಡ್, ಸ್ನೇಕ್ ಐಸ್ ಇಬ್ಬರನ್ನೂ ಫನ್‌ಸ್ಕೂಲ್ ಮಾಡಿತ್ತು. ಒಂದೇ ಪಾತ್ರದ ಬೇರೆ ಬೇರೆ ಕಂತುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಹೋದರೆ ಕಣ್ಣು ಪಳಗುತ್ತದೆ. ಬೆಂಗಳೂರಿನಲ್ಲಿದ್ದರೆ ಸಂಡೇ ಬಜಾರಿಗೆ ಬೆಳಗ್ಗೆ ಬೇಗ ಹೋಗಿ. ಊರ ಕಡೆಯ ಹಳೇ ಫ್ಯಾನ್ಸಿ ಸ್ಟೋರ್, ಸ್ಟೇಷನರಿ ಅಂಗಡಿಗಳಲ್ಲೂ ಒಂದು ಮಾತು ಕೇಳಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಬೆನ್ನು ಮತ್ತು ಹೆಬ್ಬೆರಳಿನ ಫೋಟೋ ಬಾರದೆ ದುಡ್ಡು ಕಳಿಸಬೇಡಿ. ನಿಮ್ಮ ಆ 1985ರ ಗೊಂಬೆಯ ಫೋಟೋವನ್ನೂ ಇಲ್ಲಿ ಹಾಕಿ. ಮುಂದೆ, ಹಿಂದೆ, ಸೊಂಟದ ಅಕ್ಷರಗಳು ಹತ್ತಿರದಿಂದ. ಯಾವ ದೇಶದಲ್ಲಿ ಮಾಡಿದ್ದು ಅಂತ ಬರೆದಿರುವ ಜಾಗ ಅಳಿಸಿದಂತೆ ಕಂಡರೆ ಅದನ್ನು ಓರೆ ಬೆಳಕಿನಲ್ಲಿ ತೆಗೆಯಿರಿ, ನೋಡಿ ಹೇಳುತ್ತೇನೆ.